ಕಾಲಿನ ಗಾಳಿ

"ಆ ಮೋಟುಗೈ ನನ್ನ ಮುಂದ ಆಡಿಸಬ್ಯಾಡಲೇ ಭಾಡ್ಯಾ! ಉಣ್ಣೂ ಹೊತ್ತಿನಾಗ ಏಡಿ ನೋಡಿದಂಗ ಆಗ್ತೈತಿ."

ಕುಬೇರಪ್ಪ ದಣಿ ಪಡಸಾಲೆಯಲ್ಲಿ ಕುಳಿತು ಬಾಳೆಹಣ್ಣು ಸುಲಿಯುತ್ತಿದ್ದ. ಅಂಗಳದ ಕೊನೆಯಲ್ಲಿ, ಕೇರಿಯವರು ದಾಟಬಾರದ ಕಲ್ಲಿನಾಚೆ ನಿಂತಿದ್ದ ಉಳಿವೆಪ್ಪ ತನ್ನೆರಡೂ ಕೈಗಳನ್ನು ಬೆನ್ನ ಹಿಂದೆ ಅಡಗಿಸಿದ.

ಹೋದ ಸುಗ್ಗಿಯಲ್ಲಿ ಕುಬೇರಪ್ಪನ ಕಬ್ಬಿನ ಗಾಣ ಆ ಕೈಗಳನ್ನು ತಿಂದಿತ್ತು. ಮೊದಲು ಬಲಗೈ ಸಿಕ್ಕಿತು. ಬಿಡಿಸಲು ಹೋದ ಎಡಗೈಯೂ ಸಿಕ್ಕಿತು. ಎತ್ತುಗಳನ್ನು ನಿಲ್ಲಿಸುವಷ್ಟರಲ್ಲಿ ಒಂದೊಂದು ಕೈಗೂ ಹೆಬ್ಬೆರಳು, ಕಿರುಬೆರಳು ಮಾತ್ರ ಉಳಿದವು. ಉಳಿವೆಪ್ಪನಿಗೆ ಆಗ ನಲವತ್ತೈದು ದಾಟಿತ್ತು. ಹೊಸ ಕಸುಬು ಕಲಿಯುವ ವಯಸ್ಸಲ್ಲ, ಸಾಯುವ ವಯಸ್ಸೂ ಅಲ್ಲ.

"ಏನಾರ ಕೆಲಸ ಕೊಡ್ರಿ ದಣ್ಯಾರ. ಸಣ್ಣಾಂವ ಇದ್ದಾಗಿಂದ ನಿಮ್ಮಲ್ಲೇ ದುಡದೇನಿ."

"ದುಡದಿ, ಖರೆ. ಆದ್ರ ನಿನ್ನ ಎಲುಬು ಸಿಕ್ಕು ನನ್ನ ಗಾಣದ ಹಲ್ಲು ಮುರದಾವಲ್ಲ, ಅದಕ್ಕ ಯಾರು ಹೊಣಿ? ನಾ ಕೇಳೇನೇನು? ದೊಡ್ಡ ಮನಸ್ಸು ಅಂತ ಸುಮ್ನ ಅದೇನಿ. ನಡಿ!"

ಉಳಿವೆಪ್ಪ ಆ ದೊಡ್ಡ ಮನಸ್ಸಿಗೆ ಕೈ ಮುಗಿಯಲು ಹೋದ. ಉಳಿದಿದ್ದ ನಾಲ್ಕು ಬೆರಳುಗಳು ಒಂದನ್ನೊಂದು ಹುಡುಕಾಡಿದವು.

"ಮತ್ತ ಆಡಸ್ತಾನ ನೋಡು, ಬೋಳಿಮಗ!" ಕುಬೇರಪ್ಪ ಬಾಳೆಹಣ್ಣಿನ ಸಿಪ್ಪೆಯನ್ನು ಅವನತ್ತ ಎಸೆದ.

ಗುಡಿಸಲಿಗೆ ಬಂದವನ ಮುಖ ನೋಡಿಯೇ ಹೆಂಡತಿ ಶೇಖವ್ವನಿಗೆ ಎಲ್ಲ ತಿಳಿಯಿತು. "ಕೈ ಹೋದ್ರೇನಾತು, ಬಾಯಿ ಐತಲ್ಲ. ಊರಿಗೆಲ್ಲಾ ಕೇಳೂ ಹಂಗ ನನ್ನ ಬೈತಿ. ಅದನ್ನರ ದುಡಸು," ಎಂದಳು.

ಬಾಯಿಯನ್ನು ದುಡಿಸಲು ಅವನು ಆಡೂರಿಗೆ ಹೋದ. ಅಲ್ಲಿ ಬೀರಪ್ಪನೆಂಬ ರೈತನ ಜೋಳದ ಹೊಲದಲ್ಲಿ ಹಕ್ಕಿ ಓಡಿಸುವ ಕೆಲಸ ಸಿಕ್ಕಿತು. ಕವಣೆ ಹಿಡಿಯಲು ಬರದಿದ್ದರೂ ಕೂಗಲು ಬರುತ್ತಿತ್ತು. ಮೊದಲ ದಿನವೇ ಮಂಚಿಕೆಯ ಮೇಲೆ ನಿಂತು ಎಂಥ ಕೂಗು ಹಾಕಿದನೆಂದರೆ, ಪಕ್ಕದ ಬದುವಿನಲ್ಲಿ ಮೇಯುತ್ತಿದ್ದ ಬೀರಪ್ಪನ ಎಮ್ಮೆ ಹಗ್ಗ ಹರಿದುಕೊಂಡು ಕೆರೆಯ ತನಕ ಓಡಿತು. ಹಕ್ಕಿಗಳು ಮಾತ್ರ ಸುಮ್ಮನೆ ಜೋಳ ತಿನ್ನುತ್ತಿದ್ದವು.

"ನಿನಗ ಎಮ್ಮಿ ಓಡಸು ಅಂದಿದ್ನ್ಯಾ?" ಎಂದು ಬೀರಪ್ಪ ಅವನನ್ನು ಇಳಿಸಿದ.

ಯಲವಿಗಿ ಸ್ಟೇಶನ್ನಿನಲ್ಲಿ ಹಮಾಲಿ ಮಾಡಲು ಹೋದಾಗ ತಲೆ ಚೆನ್ನಾಗಿಯೇ ದುಡಿಯಿತು. ಯಾರಾದರೂ ಗಂಟು ಎತ್ತಿ ತಲೆಯ ಮೇಲಿಟ್ಟರೆ ಒಯ್ಯುತ್ತಿದ್ದ. ಇಳಿಸುವುದೇ ಕಷ್ಟ. ಒಬ್ಬ ಸಾಹುಕಾರನ ಹಪ್ಪಳದ ಬುಟ್ಟಿ ಜಾರಿ, ಹಪ್ಪಳಗಳು ಗಾಲಿಗಳಂತೆ ಉರುಳಿ, ಹೊರಟಿದ್ದ ಗಾಡಿಯ ಕೆಳಗೆ ಹೋದವು. ಉಳಿವೆಪ್ಪ ಅವುಗಳನ್ನು ನೋಡುತ್ತ ನಿಲ್ಲಲಿಲ್ಲ. ಶೇಖವ್ವನನ್ನು ಕರೆದುಕೊಂಡು ಸವಣೂರಿನ ದಾರಿ ಹಿಡಿದ.

ಸವಣೂರಿನ ಒಂದು ದೊಡ್ಡ ಮನೆಯ ಹಿಂದೆ ಬೇವಿನ ನೆರಳಿನಲ್ಲಿ ಇಬ್ಬರೂ ಕುಳಿತಿದ್ದಾಗ ವಿಚಿತ್ರವೊಂದು ಕಣ್ಣಿಗೆ ಬಿತ್ತು. ಹಯಾತನೆಂಬ ಮುದುಕ ಗೋಡೆಯ ಬದಿಯಲ್ಲಿ ಅಂಗಾತ ಮಲಗಿ ಗೊರಕೆ ಹೊಡೆಯುತ್ತಿದ್ದ. ಅವನ ಒಂದು ಕಾಲು ಮಾತ್ರ ಮೇಲೆದ್ದು ಹಿಂದೆ ಮುಂದೆ ಆಡುತ್ತಿತ್ತು. ಪಾದಕ್ಕೆ ಕಟ್ಟಿದ ಹಗ್ಗ ಗೋಡೆಯ ತೂತಿನೊಳಗೆ ಹೋಗಿತ್ತು. ಒಳಗೆ ಮಾಡಿಗೆ ತೂಗುಹಾಕಿದ್ದ ದೊಡ್ಡ ಬಟ್ಟೆಯ ಪಂಖ ಅದರ ಎಳೆತಕ್ಕೆ ಬೀಸುತ್ತಿತ್ತು.

ಉಳಿವೆಪ್ಪ ಅವನನ್ನು ಎಬ್ಬಿಸಿಯೇ ಬಿಟ್ಟ. "ಇದಕ್ಕ ಕೂಲಿ ಕೊಡ್ತಾರೇನ್ರಿ ಸಾಹೇಬ್ರ?"

"ಹೌದಪಾ. ಕೈಲೇ ಎಳದವರ ಬುಜ ಮಳಿಗಾಲಕ್ಕ ಮೊದ್ಲ ಬಿದ್ದು ಹೋಗ್ತಾವು. ಕಾಲು ಹಂಗಲ್ಲ. ನೋಡಿಲ್ಲೆ, ನನ್ನ ಪೂರಾ ಮೈಯಾಗ ಇದೊಂದ ಶಾಣ್ಯಾ ಐತಿ. ನಾ ಮಲಗಿದ್ರೂ ಇದು ಮಲಗೂದಿಲ್ಲ."

ಆ ಮಧ್ಯಾಹ್ನವೆಲ್ಲ ಹಯಾತ ಗಂಟು ಹಾಕುವುದನ್ನು ಶೇಖವ್ವನಿಗೂ, ಕಾಲಾಡಿಸುವುದನ್ನು ಉಳಿವೆಪ್ಪನಿಗೂ ಕಲಿಸಿದ. ತನಗೆ ಪುಕ್ಕಟೆ ವಿಶ್ರಾಂತಿ ಸಿಕ್ಕಿತೆಂದು ಹೋಗುವಾಗ ಎಲೆ ಅಡಿಕೆಯನ್ನೂ ಕೊಟ್ಟ.

ಊರಿಗೆ ಮರಳಿದಾಗ ಸುದ್ದಿಯೊಂದು ಕಾದಿತ್ತು. ಯುದ್ಧ ಹತ್ತಿ, ಇಂಗ್ಲಿಷರ ಸರಕಾರ ತನ್ನ ಕಡೆಯ ಸಾಹುಕಾರರಿಗೆ ಪದವಿ ಹಂಚತೊಡಗಿದ ಮೇಲೆ ಕುಬೇರಪ್ಪನಿಗೆ ರಾವ್ ಸಾಹೇಬನಾಗುವ ಹಂಬಲ ಹತ್ತಿತ್ತು. ಸಾಹೇಬರ ಮನೆಗಳಲ್ಲಿ ಇರುವುದೆಲ್ಲ ತನ್ನ ಮನೆಯಲ್ಲೂ ಇರಬೇಕೆಂದು ಅವನು ಪಡಸಾಲೆಗೆ ಪಂಖ ಕಟ್ಟಿಸಿದ್ದ. ಕೇರಿಯಿಂದ ಬಿಟ್ಟಿ ಹಿಡಿದು ತಂದವರು ಒಂದು ತಾಸಿಗೇ ಸುಸ್ತಾಗಿ ಓಡಿಹೋಗುತ್ತಿದ್ದರು.

"ನಾ ಎಳೀತೇನ್ರಿ," ಎಂದ ಉಳಿವೆಪ್ಪ.

ಕುಬೇರಪ್ಪ ಬಿದ್ದು ಬಿದ್ದು ನಕ್ಕ. "ಯಾವ ಕೈಲೇ ಎಳೀತಿಯಲೇ?"

ಶೇಖವ್ವ ಸೆರಗು ಸರಿಮಾಡಿಕೊಂಡಳು. "ಅಂವ ಗ್ವಾಡಿ ಆಚೆ ಇರ್ತಾನ್ರಿ. ಕೈ ನಿಮಗ ಕಾಣಬಾರ್ದು, ಗಾಳಿ ಬರಬೇಕು. ಅಷ್ಟ ಅಲ್ರಿ? ಬೀಸಿಸಿ ನೋಡ್ರಿ. ಬರಲಿಲ್ಲಂದ್ರ ಓಡಸ್ರಿ."

ಗಾಳಿ ಬಂತು. ಎಂಥ ಗಾಳಿ! ಜರ್ಕು ಇಲ್ಲ, ತಡೆ ಇಲ್ಲ, ಕೆರೆಯ ಮೇಲಿಂದ ಬಂದಂತೆ ಬಂತು. ಕುಬೇರಪ್ಪ ತಕ್ಯಾಕ್ಕೆ ಒರಗಿದವನು ಸಂಜೆಗೇ ಎದ್ದ. ಗಾಳಿ ಹೇಗೆ ಬರುತ್ತದೆಂದು ಕೇಳುವ ಗೊಡವೆಗೆ ಅವನು ಹೋಗಲಿಲ್ಲ. ಕೂಲಿಗೆ ದಿನಕ್ಕಿಷ್ಟು ಜೋಳವೆಂದು ನಿಗದಿಯಾಯಿತು.

ಅಂದಿನಿಂದ ಶೇಖವ್ವ ಬೆಳಿಗ್ಗೆ ಬಂದು ಗಂಡನ ಪಾದಕ್ಕೆ ಹಗ್ಗ ಕಟ್ಟಿ ಕೂಲಿಗೆ ಹೋಗುತ್ತಿದ್ದಳು. ಉಳಿವೆಪ್ಪ ಆಕಾಶ ನೋಡುತ್ತ ಮಲಗುತ್ತಿದ್ದ. ಜೀವಮಾನದಲ್ಲಿ ಮೊದಲ ಸಲ ಅವನು ಹಗಲು ಹೊತ್ತಿನಲ್ಲಿ ಮೋಡಗಳ ಆಕಾರ ನೋಡಿದ. ಒಂದು ಮೋಡ ಥೇಟ್ ಕುಬೇರಪ್ಪನ ಹೊಟ್ಟೆಯಂತಿತ್ತು. ಅದನ್ನು ಶೇಖವ್ವನಿಗೆ ಹೇಳಿ ಇಬ್ಬರೂ ನಕ್ಕರು.

ಊರಿನ ಪೂಜೆ ಪುನಸ್ಕಾರದ ಅಯ್ಯನವರು ದಿನಾ ಮಧ್ಯಾಹ್ನ ಆ ಗಾಳಿಗೆ ಮೈಯೊಡ್ಡಲು ಬರತೊಡಗಿದರು. "ಏನ್ ತಂಪು, ಏನ್ ತಂಪು! ಕೈಲಾಸದಾಗ ಕುಂತಂಗ ಆಗ್ತೈತಿ ಕುಬೇರಪ್ಪ," ಎನ್ನುತ್ತಿದ್ದರು. ಒಂದು ದಿನ ಊಟವಾದ ಮೇಲೆ ಎಲೆ ಅಡಿಕೆ ಉಗುಳಲು ಅವರು ಹಿತ್ತಲಿಗೆ ಬಂದರು. ಅಲ್ಲಿ ಕೈಲಾಸದ ಮೂಲ ಕಾಲೆತ್ತಿಕೊಂಡು ಮಲಗಿತ್ತು.

"ಕಾಲು! ಇವನ ಕಾಲಿನ ಗಾಳಿ!" ಅಯ್ಯನವರು ಉಗುಳುವುದನ್ನು ಬಿಟ್ಟು ನುಂಗಿಬಿಟ್ಟರು. "ಲೇ ಕುಬೇರಪ್ಪ, ಇಷ್ಟ ದಿನ ನಮ್ಮ ತಲೀ ಮ್ಯಾಲೆ ಕೇರಿಯವನ ಕಾಲು ಆಡಸಿದ್ಯಲ್ಲೋ!"

ಉಳಿವೆಪ್ಪ ಎದ್ದು ಕುಳಿತ. "ಕೈಯಾಂದು ಬ್ಯಾರೆ ಗಾಳಿ, ಕಾಲಾಂದು ಬ್ಯಾರೆ ಗಾಳಿ ಇರ್ತೈತೇನ್ರಿ ಅಯ್ಯಾರ? ಈಗ ತಂಪು ಅಂತಿದ್ರೆಲ್ಲ."

ಕುಬೇರಪ್ಪ ಒಳಗಿನಿಂದ ಓಡಿಬಂದವನೇ ಹಗ್ಗ ಹಿಡಿದು ಎಳೆದ. ಗಂಟು ಬಿಚ್ಚಲಿಲ್ಲ, ಉಳಿವೆಪ್ಪನ ಕಾಲಿನ ಹೆಬ್ಬೆರಳಿನ ಉಗುರು ಎದ್ದು ಬಂತು. ಆಮೇಲೆ ಮೆಟ್ಟಿದ್ದ ಕಾಲಮರಿ ಬಿಚ್ಚಿ ಕೈಗೆ ತೆಗೆದುಕೊಂಡು ಬೆನ್ನು, ಮುಖ ನೋಡದೆ ಹೊಡೆದ. "ಸೂಳೆಮಗನ, ನಿನ್ನ ಕಾಲು ನನ್ನ ನೆತ್ತಿ ತನಕ ಬಂತೇನಲೇ! ಮೂಗು ನೆಲಕ್ಕ ತಿಕ್ಕು!" ಉಳಿವೆಪ್ಪ ಮೂಗು ತಿಕ್ಕಿದ. ಕೂಲಿಯಿಂದ ಓಡಿಬಂದ ಶೇಖವ್ವನ ಕೈಯಲ್ಲಿ ಅವನು ಮಲಗಿದ್ದ ನೆಲವನ್ನು ಸಗಣಿಯಿಂದ ಸಾರಿಸಿದರು. ಪಂಖದ ಬಟ್ಟೆಯನ್ನು ಗೋಮೂತ್ರದಲ್ಲಿ ನೆನೆಸಿದರು. ಅಷ್ಟು ದಿನ ಒಳಗೆ ಹೋಗಿದ್ದ ಗಾಳಿಯನ್ನು ಏನು ಮಾಡಬೇಕೆಂದು ಅಯ್ಯನವರಿಗೂ ಹೊಳೆಯಲಿಲ್ಲ.

ಅದಾಗಿ ಸ್ವಲ್ಪ ದಿನಕ್ಕೆ ತಾಲೂಕಿನ ಅಧಿಕಾರಿ ಮಾಮಲೇದಾರರು ಕುಬೇರಪ್ಪನ ಮನೆಗೆ ಊಟಕ್ಕೆ ಬರುವುದು ಗೊತ್ತಾಯಿತು. ರಾವ್ ಸಾಹೇಬ ಪದವಿಗೆ ಅವರ ಶಿಫಾರಸು ಬೇಕು. ಕಡು ಬೇಸಗೆ. ಎಲೆಯೊಂದೂ ಅಲುಗದು. ಬೆಳಿಗ್ಗೆ ಕೇರಿಯ ಇಬ್ಬರನ್ನು ಹಗ್ಗಕ್ಕೆ ಹಚ್ಚಿದರೆ, ಅವರು ಬಾವಿಯ ಕೊಡ ಸೇದಿದಂತೆ ಎಳೆದರು. ಪಂಖ ನೇರವಾಗಿ ಹೋಗಿ ತೂಗುದೀಪಕ್ಕೆ ಬಡಿದು ಗಾಜು ಅಯ್ಯನವರ ಮಡಿಲಿಗೆ ಬಿತ್ತು. ಊರಬಾಗಿಲಲ್ಲಿ ಮಾಮಲೇದಾರರ ಗಾಡಿ ಕಂಡಿತೆಂದು ಸುದ್ದಿ ಬಂದಾಗ ಕುಬೇರಪ್ಪ ಉಳಿವೆಪ್ಪನಿಗೆ ಆಳು ಕಳಿಸಿದ.

ಉಳಿವೆಪ್ಪ ಕುಂಟುತ್ತ ಹಿತ್ತಲಿಗೆ ಬಂದ. ಹಿಂದೆ ಅರ್ಧ ಕೇರಿಯೇ ಬಂತು.

"ಎಳಿಯಲೇ. ಇನ್ನ ನಿನ್ನ ಕೆಲಸ ಕಾಯಂ. ಕಾಲಲೇ ಎಳಿ, ಮತ್ಯಾತರಲೇರ ಎಳಿ. ಅಯ್ಯಾರಿಗೆ ನಾ ಹೇಳೇನಿ."

"ಎಳೀತೇನ್ರಿ. ಆದ್ರ ಹಗ್ಗ ಕಟ್ಟಾಕ ಶೇಖವ್ವ ಇಲ್ರಿ. ತಂಗಿ ಬಾಣಂತನಕ್ಕ ಹತ್ತಿಮತ್ತೂರಿಗೆ ಹೋಗ್ಯಾಳ."

ಕುಬೇರಪ್ಪ ಮನೆಯಾಳು ಮಹಾಲಿಂಗಪ್ಪನ ಕಡೆ ನೋಡಿದ. ಮಹಾಲಿಂಗಪ್ಪ ಎರಡು ಹೆಜ್ಜೆ ಹಿಂದೆ ಸರಿದ. "ನಾ ಅವನ ಕಾಲು ಮುಟ್ಟಿದ್ರ ಅಡಿಗಿ ಮನಿಗೆ ಹೋಗಾಕ ಬರೂದಿಲ್ರಿ. ಸಾಹೇಬ್ರಿಗೆ ನೀಡೋರ್ಯಾರು?"

"ನೀವ್ಯಾರರ ಕಟ್ಟರಲೇ!" ಎಂದು ಕುಬೇರಪ್ಪ ಕೇರಿಯವರ ಮೇಲೆ ಹರಿಹಾಯ್ದ.

ಒಬ್ಬನ ಕೈಗೆ ಜಾಲಿಮುಳ್ಳು ನಟ್ಟಿತ್ತು. ಇನ್ನೊಬ್ಬನದು ಬೆಳಿಗ್ಗೆಯೇ ಉಳುಕಿತ್ತು. ಪಂಖ ಎಳೆದ ಇಬ್ಬರ ಬೆರಳುಗಳು ಮಡಚಲೊಲ್ಲವು. ಯಂಕವ್ವನ ಕೈ ಜುಮ್ಮೆನ್ನುತ್ತಿತ್ತು. ಹಿರಿಯಳಾದ ಮುದಕವ್ವ ಎರಡೂ ಕೈಗಳನ್ನು ಮುಂದೆ ಚಾಚಿ ಗಡಗಡ ನಡುಗಿಸಿದಳು. "ನೋಡ್ರಿ ಯಪ್ಪಾ, ಹರೇದಾಗಿಂದ ಹಿಂಗ ಐತಿ." ಆ ಕೈಗಳಿಂದಲೇ ಅವಳು ನಿನ್ನೆ ಸೂಜಿಗೆ ದಾರ ಪೋಣಿಸಿದ್ದನ್ನು ಕೇರಿಯವರೆಲ್ಲ ನೋಡಿದ್ದರು.

ಗಾಡಿಯ ಗೆಜ್ಜೆ ಸದ್ದು ಓಣಿಗೆ ಬಂತು.

ಕುಬೇರಪ್ಪ ಆಚೆ ನೋಡಿದ, ಈಚೆ ನೋಡಿದ. ಜರಿ ರುಮಾಲು ಒತ್ತಿ ಹಿಡಿದುಕೊಂಡು, ರೇಷ್ಮೆ ಧೋತರ ಎತ್ತಿ, ನೆಲಕ್ಕೆ ಕೂತ. ಉಳಿವೆಪ್ಪನ ಪಾದ ಹಿಡಿದು ಹಗ್ಗ ಸುತ್ತಿದ. ಉಗುರಿಲ್ಲದ ಹೆಬ್ಬೆರಳು ಅವನ ಉಂಗುರಕ್ಕೆ ತಾಕಿತು. ಗಂಟು ಬಿಗಿದು ಕುಬೇರಪ್ಪ ಒಳಗೆ ಓಡಿದ. ಜಳಕಕ್ಕೆ ಹೊತ್ತಿರಲಿಲ್ಲ. ಕೈಯನ್ನು ಧೋತರಕ್ಕೆ ಒರೆಸಿ ಮಾಮಲೇದಾರರಿಗೆ ಹಾರ ಹಾಕಿದ.

ಗಾಳಿ ಬೀಸಿತು. ಮಾಮಲೇದಾರರು ಕೋಟಿನ ಗುಂಡಿ ಬಿಚ್ಚಿ ಹಾಯಾಗಿ ಕುಳಿತರು. "ಭೇಷ್ ವ್ಯವಸ್ಥಾ," ಎಂದರು. ಕುಬೇರಪ್ಪ ತಾನೇ ನಿಂತು ಅವರಿಗೂ ಅಯ್ಯನವರಿಗೂ ಹೋಳಿಗೆ ನೀಡಿದ, ಮೇಲೆ ತುಪ್ಪ ಹಾಕಿದ.

ಹೊರಗೆ ಮುದಕವ್ವ ಉಳಿವೆಪ್ಪನ ಹತ್ತಿರ ಕುಕ್ಕರುಗಾಲಿನಲ್ಲಿ ಕುಳಿತಳು. "ಕಾಯಂ ಆತಲ್ಲೋ ತಮ್ಮಾ. ಇನ್ನ ಮ್ಯಾಲೆ ಸುಮ್ನ ಎಳಕೊಂತ ಬಿದ್ದಿರು."

"ಹೂನ ಬೇ." ಉಳಿವೆಪ್ಪ ಮೂಗು ಮುಟ್ಟಿಕೊಂಡ. ಮೂಗಿನ ತುದಿಯ ತರಚು ಇನ್ನೂ ಒಣಗಿರಲಿಲ್ಲ. ಸ್ವಲ್ಪ ಹೊತ್ತು ಎಳೆದ. ಆಮೇಲೆ ಅವನ ಮುಖದ ಮೇಲೆ ನಗು ಬಂತು. "ಕೆಲಸ ಹೋದ್ರ ಹೋಗ್ಲಿ ಬಿಡು ಬೇ. ಕಾಲು ಗಟ್ಟಿ ಅದಾವು, ನಡದೇನಿ ಎಲ್ಲಿಗಾರ."

ಪಾದವನ್ನು ಜೋರಾಗಿ ಒಮ್ಮೆ ಒದರಿದ. ಕುಬೇರಪ್ಪನ ಗಂಟು ಕಳಚಿ ಬಿತ್ತು.

ಪಡಸಾಲೆಯಲ್ಲಿ ಪಂಖ ನಿಂತಿತು. ಮಾಮಲೇದಾರರು ತಲೆಯೆತ್ತಿ ಮೇಲೆ ನೋಡಿದರು. ಆಗ ಹಗ್ಗದ ತೂತಿನಿಂದ, ಎಮ್ಮೆಯನ್ನು ಕೆರೆಯ ತನಕ ಓಡಿಸಿದ ಆ ದನಿ ಬಂತು:

"ದಣ್ಯಾರ! ಗಂಟು ಸಡ್ಲ ಆಗೇತ್ರಿ! ಆಗಳೆ ಕೆಳಗ ಕುಂತು ನನ್ನ ಕಾಲು ಹಿಡದು ಕಟ್ಟಿದ್ರೆಲ್ಲ, ಹಂಗ ಇನ್ನೊಮ್ಮೆ ಬಂದು ಕಟ್ರಿ!"

ಅಯ್ಯನವರ ಕೈಯಲ್ಲಿದ್ದ ಹೋಳಿಗೆ ತುಟಿಯ ಹತ್ತಿರ ನಿಂತಿತು. ಅವರು ಹೋಳಿಗೆಯನ್ನು ನೋಡಿದರು, ಅದನ್ನು ನೀಡಿದ ಕೈಯನ್ನು ನೋಡಿದರು. ತುಪ್ಪದ ಗಿಂಡಿ ಹಿಡಿದು ನಿಂತಿದ್ದ ಕುಬೇರಪ್ಪನ ಹಣೆಯಿಂದ ಬೆವರು ಇಳಿಯತೊಡಗಿತು.

"ಏನಂತಾನ ಅಂವ?" ಎಂದು ಮಾಮಲೇದಾರರು ಕೇಳಿದರು.

ಗೋಡೆಯಾಚೆ ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ಇಡೀ ಕೇರಿ ನಕ್ಕಿತು.