ಪರೀಕ್ಷೆಗೊಂದು ಬಾಯಿ

ದಂತವೈದ್ಯ ಕಾಲೇಜಿನ ಕೊನೆಯ ವರ್ಷಕ್ಕೆ ಬಂದವರು ಜನರ ಮುಖ ನೋಡುವುದನ್ನು ಬಿಟ್ಟಿರುತ್ತಾರೆ. ಅವರು ನೋಡುವುದು ಬಾಯಿ. ಬಸ್ಸಿನಲ್ಲಿ ಯಾರಾದರೂ ಆಕಳಿಸಿದರೆ ಸಾಕು, ಪಕ್ಕದಲ್ಲಿ ನಿಂತ ವಿದ್ಯಾರ್ಥಿಯ ಕತ್ತು ಅರ್ಧ ಗೇಣು ಉದ್ದವಾಗುತ್ತದೆ. ಇದು ಚಟವಲ್ಲ, ಕಷ್ಟ. ಒಸಡಿನ ವಿಭಾಗದ ಪ್ರಾಕ್ಟಿಕಲ್ ಪರೀಕ್ಷೆಗೆ ರೋಗಿಯನ್ನು ವಿದ್ಯಾರ್ಥಿಯೇ ಹುಡುಕಿ ತರಬೇಕು. ತಂದ ಬಾಯಲ್ಲಿ ಪಾಚಿ ಕಟ್ಟಿ ಕಲ್ಲಾಗಿರಬೇಕು. ಪರೀಕ್ಷಕರ ಎದುರೇ ಅದನ್ನು ತೆಗೆದು ತೋರಿಸಬೇಕು. ಪಾಚಿ ಇಲ್ಲದಿದ್ದರೆ ಪರೀಕ್ಷೆ ಇಲ್ಲ. ಇನ್ನಾರು ತಿಂಗಳು ಅದೇ ಬೆಂಚು, ಅದೇ ಪುಸ್ತಕ.

ಮನೆಯವರೆಲ್ಲ ಗುಬ್ಬಿ ಎಂದು ಕರೆಯುವ ಹುಡುಗಿಗೆ ಮಾತ್ರ ಈ ಚಿಂತೆ ಇರಲಿಲ್ಲ. ಅವಳಿಗೆ ಸೋದರಮಾವನಿದ್ದ. ಗಡಿಯಾರ ರಿಪೇರಿ ಮಾಡುವ ಮಾವ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ದಿನಕ್ಕೆ ಹತ್ತು ಲೋಟ ಚಹಾ ಕುಡಿಯುತ್ತ, ಬಾಯಿ ತೆರೆಯದೆ ಕೂತಿರುವ ಆಸಾಮಿ. ಆ ತೆರೆಯದ ಬಾಯೊಳಗೆ, ಕೆಳಸಾಲಿನ ಹಿಂಬದಿಯಲ್ಲಿ, ಮೂವತ್ತು ವರ್ಷದಿಂದ ಗಾರೆ ಕೆಲಸ ನಡೆದಿತ್ತು. ತಿಂಗಳ ಹಿಂದೆ ಅದನ್ನು ಕಂಡ ಗುಬ್ಬಿ ನಿಧಿ ಸಿಕ್ಕವಳಂತೆ ಅತ್ತಿತ್ತ ನೋಡಿದ್ದಳು.

"ಮಾವ, ಪರೀಕ್ಷೆ ಮುಗಿಯೋವರ್ಗೂ ಇದನ್ನ ಯಾರಿಗೂ ತೋರಿಸ್ಬೇಡ."

"ತೋರ್ಸೋಕೆ ಇದೇನು ಮದುವೆ ಫೋಟೋನಾ," ಎಂದಿದ್ದ ಮಾವ.

ಸಹಪಾಠಿಗಳು ಒಬ್ಬರ ರೋಗಿಯನ್ನು ಇನ್ನೊಬ್ಬರು ಎಗರಿಸಿಕೊಂಡು ಮಾತು ಬಿಡುತ್ತಿದ್ದ ಆ ದಿನಗಳಲ್ಲಿ ಗುಬ್ಬಿ ಹೊಟ್ಟೆ ತುಂಬ ಉಂಡು ಕಣ್ತುಂಬ ನಿದ್ದೆ ಮಾಡಿದಳು.

ಪರೀಕ್ಷೆಯ ದಿನ ಎಂಟೂವರೆಗೆ ಮಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕಾರಿಡಾರಿನಲ್ಲಿ ಹಾಜರಾದ. ಜೊತೆಗೆ ಅತ್ತೆಯೂ ಬಂದಿದ್ದಳು. ಅತ್ತೆ ಕುಳ್ಳಗಿನ ಗಟ್ಟಿ ಹೆಂಗಸು. ಒಲೆಯನ್ನು ಹಚ್ಚುವ ಮೊದಲೊಮ್ಮೆ, ಆರಿಸಿದ ಮೇಲೊಮ್ಮೆ ಒರೆಸುವವಳು. ಹೊರಟ ನೆಂಟರು ಗೇಟು ದಾಟುವ ಮೊದಲೇ ಅವರು ಕೂತ ಕುರ್ಚಿ ಝಾಡಿಸುವವಳು.

"ಎಲ್ಲಿ ಮಾವ, ಆ ಅನ್ನು."

ಮಾವ ಆ ಎಂದ. ಒಳಗೆ ಹೊಸ ವಾಶ್‌ಬೇಸಿನ್ನಿನಂತೆ ಎಲ್ಲವೂ ಫಳಫಳ ಎನ್ನುತ್ತಿತ್ತು.

"ಪಾಚಿ ಎಲ್ಲಿ ಮಾವ?"

ಮಾವ ಬಾಯಿ ಮುಚ್ಚದೆಯೇ ಹೆಂಡತಿಯ ಕಡೆ ಬೆರಳು ತೋರಿಸಿದ.

"ನಾನೇ ನಿನ್ನೆ ಕರ್ಕೊಂಡು ಹೋಗಿ ಕ್ಲೀನ್ ಮಾಡ್ಸಿದೆ ಕಣೆ," ಎಂದಳು ಅತ್ತೆ, ಶಹಬ್ಬಾಸ್‌ಗಿರಿಗೆ ಕಾಯುವವಳಂತೆ. "ದೊಡ್ಡ ದೊಡ್ಡ ಡಾಕ್ಟ್ರು ನೋಡೋ ಬಾಯಿ. ಹಂಗೇ ಕಳ್ಸಿದ್ರೆ, ಇವಳ ಮನೆಯೋರು ಇಷ್ಟು ಗಲೀಜಾ ಅಂತ ಆಡ್ಕೊಳಲ್ವಾ?"

"ಅತ್ತೆ, ಗಲೀಜು ಇದೆ ಅಂತಾನೇ ಮಾವನ್ನ ಕರೆದಿದ್ದು."

"ಗಲೀಜು ಇದೆ ಅಂತ ಯಾರಾದ್ರೂ ಕರೀತಾರೇನೇ?"

"ನಾನು ಹೇಳ್ದೆ," ಎಂದ ಮಾವ.

"ಹೇಳಿದ್ದು ಯಾವಾಗ? ಬಾಯಿ ತುಂಬ ಪೈಪು ಇಟ್ಕೊಂಡಾಗ. ಗಳಗಳ ಅಂದ್ರೆ ಯಾರಿಗೆ ತಿಳಿಯುತ್ತೆ?"

ಗುಬ್ಬಿ ಗೋಡೆ ಗಡಿಯಾರ ನೋಡಿದಳು. ಒಂಬತ್ತಕ್ಕೆ ರೋಗಿಯ ಹೆಸರು ಬರೆಸಬೇಕು. ಆ ಕಟ್ಟಡದಲ್ಲಿ ಇನ್ನೊಂದು ಬಾಯಿ ಸಿಗುವ ಮಾತೇ ಇರಲಿಲ್ಲ. ವಿದ್ಯಾರ್ಥಿಗಳ ದಯೆಯಿಂದ ಅಲ್ಲಿನ ಗುಮಾಸ್ತರು, ಕಾವಲುಗಾರರು, ಕ್ಯಾಂಟೀನಿನವರು ಎಲ್ಲರ ಹಲ್ಲೂ ಮುತ್ತಿನಂತಿದ್ದವು. ಲಿಫ್ಟ್ ನಡೆಸುವಾತನಿಗಂತೂ ಹನ್ನೊಂದು ಸಲ ಕ್ಲೀನ್ ಆಗಿತ್ತು; ಬಿಳಿ ಕೋಟು ಕಂಡರೆ ಅವನು ಮೆಟ್ಟಿಲು ಹತ್ತಿ ಓಡುತ್ತಿದ್ದ.

ಅತ್ತೆ ಇನ್ನೂ ಸಮರ್ಥನೆ ಕೊಡುತ್ತಲೇ ಇದ್ದಳು. ಗುಬ್ಬಿಗೆ ಅದೊಂದೂ ಕೇಳಿಸುತ್ತಿರಲಿಲ್ಲ. ಎತ್ತರದವಳಾದ್ದರಿಂದ, ಅತ್ತೆ ಬಾಯಿ ತೆರೆದಾಗಲೆಲ್ಲ ಕೆಳಸಾಲಿನ ಹಲ್ಲಿನ ಹಿಂದೆ ಪಾಚಿಯ ಗೋಡೆ ಅವಳಿಗೆ ಮೇಲಿನಿಂದ ಕಾಣುತ್ತಿತ್ತು. ಗೋಡೆ ಹಳದಿಯಾಗಿತ್ತು, ದಪ್ಪಗಿತ್ತು, ಒಂದು ಕಡೆಯಿಂದ ಇನ್ನೊಂದು ಕಡೆಯವರೆಗೂ ಬಿರುಕಿಲ್ಲದೆ ಇತ್ತು.

ಈಗ ಬಂತು ಫಜೀತಿ. ಮಾವನಿಗಾದರೆ ಏನು ಬೇಕಾದರೂ ಹೇಳಬಹುದು. ಅತ್ತೆಗೆ ಕೊಳೆ ಎಂಬ ಮಾತನ್ನು ಈವರೆಗೆ ಹೇಳಿದವರಿಲ್ಲ.

"ಅತ್ತೆ, ಒಂದ್ ಮಾತು. ಬೇಜಾರು ಮಾಡ್ಕೋಬಾರ್ದು. ಮಾವನ ಬಾಯಲ್ಲಿ ಇದ್ದಿದ್ದು ನಿಮ್ಮ ಬಾಯಲ್ಲೂ ಇದೆ. ಸ್ವಲ್ಪ ಜಾಸ್ತೀನೇ ಇದೆ."

ಮಾವ ಗೋಡೆಯ ಮೇಲಿದ್ದ ನೋಟೀಸನ್ನು ಬಹಳ ಆಸಕ್ತಿಯಿಂದ ಓದತೊಡಗಿದ.

"ನನ್ ಬಾಯಲ್ಲಾ? ಎರಡು ಹೊತ್ತು ಉಜ್ಜೋ ಬಾಯಲ್ಲಾ?"

"ಮುಂದುಗಡೆ ಉಜ್ತೀರ ಅತ್ತೆ. ಹಿಂದುಗಡೆಗೆ ಬ್ರಷ್ ಹೋಗಿಲ್ಲ."

"ಎಲ್ಲಿ ತೋರ್ಸು. ಇಲ್ದಿದ್ರೆ ನಿಮ್ಮಮ್ಮನ ಹತ್ರ ಮಾತಾಡ್ತೀನಿ."

ಗುಬ್ಬಿ ಅವಳ ಕೈಗೆ ದೊಡ್ಡ ಕನ್ನಡಿ ಕೊಟ್ಟು, ಬಾಯೊಳಗೆ ಸಣ್ಣ ಕನ್ನಡಿ ಹಿಡಿದು, ಫೋನಿನ ದೀಪ ಬಿಟ್ಟಳು. ಅತ್ತೆ ನೋಡಿದಳು. ತಲೆ ಓರೆ ಮಾಡಿ ಇನ್ನೊಮ್ಮೆ ನೋಡಿದಳು. ಅವಳ ಮುಖದಲ್ಲಿ ಬಂದದ್ದು ಕೋಪವಲ್ಲ. ಬೀರು ಸರಿಸಿದಾಗ ಹಿಂದಿನ ಧೂಳು ಕಂಡಾಗ ಬರುವ ಕಳೆ.

"ಇಷ್ಟು ದಿನ ಇದನ್ನ ಇಟ್ಕೊಂಡೇ ಊಟ ಮಾಡಿದ್ನಾ?" ಎಂದಳು. ಆಮೇಲೆ ಕೈಚೀಲವನ್ನು ಗಂಡನ ಕೈಗೆ ತುರುಕಿದಳು. "ಕುರ್ಚಿ ಎಲ್ಲಿದೆ? ನಡಿ. ಈಗಲೇ ತೆಗಿ."

ಒಂಬತ್ತಕ್ಕೆ ಎರಡು ನಿಮಿಷವಿದ್ದಾಗ ಹೆಸರು ಬರೆಸಿದ್ದಾಯಿತು.

ಹೊರಗಿನಿಂದ ಬಂದಿದ್ದ ಪರೀಕ್ಷಕರು ನಗುವನ್ನು ಮನೆಯಲ್ಲೇ ಬಿಟ್ಟು ಬಂದವರಂತಿದ್ದರು. ಅತ್ತೆಯ ಬಾಯೊಳಗಿನ ಗೋಡೆ ನೋಡಿ ಅವರ ಹುಬ್ಬು ಒಂದಿಷ್ಟು ಮೇಲೇರಿತು. "ಎಲ್ಲಿ ಸಿಕ್ಕಿದ್ರು ಇವರು?" ಎಂದರು, ಹೆಚ್ಚುಕಡಿಮೆ ಅಸೂಯೆಯಿಂದ.

"ಮನೇಲೇ ಇದ್ರು ಸಾರ್, ನಾನು ನೋಡಿರ್ಲಿಲ್ಲ."

ಪರೀಕ್ಷೆಗೆ ಕೊಟ್ಟದ್ದು ಕೆಳಗಿನ ಆರು ಹಲ್ಲು, ಮುಕ್ಕಾಲು ಗಂಟೆ. ಗುಬ್ಬಿ ಉಪಕರಣ ಹಿಡಿದು ಬಗ್ಗಿದಳು. ಮೊದಲ ಚೂರು ಕಳಚಿ ತಟ್ಟೆಗೆ ಟಣ್ ಎಂದು ಬಿತ್ತು. ಪ್ರತಿ ಚೂರಿಗೂ ಅತ್ತೆ ತೃಪ್ತಿಯಿಂದ ಹೂಂಗುಟ್ಟಿದಳು. ಪರೀಕ್ಷಕರು ಬಂದು ಸಣ್ಣ ಕೊಕ್ಕೆಯಿಂದ ಆರೂ ಹಲ್ಲು ತಡವಿ, "ಸಾಕು, ಏಳ್ಬಹುದು," ಎಂದರು.

ಅತ್ತೆ ಏಳಲಿಲ್ಲ. ಕನ್ನಡಿ ಕೇಳಿ ತೆಗೆದುಕೊಂಡು, ನಾಲಿಗೆಯನ್ನು ಹಲ್ಲಿನಿಂದ ಹಲ್ಲಿಗೆ ಸರಿಸುತ್ತ ಹೋಗಿ ಒಂದು ಕಡೆ ನಿಲ್ಲಿಸಿದಳು.

"ಸಾರ್, ಇಲ್ಲೊಂದು ಉಳಿದಿದೆ. ತರಿತರಿ ಅಂತಿದೆ."

ಅತ್ತೆ ಪರೀಕ್ಷಕರೆದುರೇ ಗುಬ್ಬಿಯ ತಪ್ಪು ಎತ್ತಿ ತೋರಿಸುತ್ತಿದ್ದಳು. ಅವರು ಬಗ್ಗಿ ಮತ್ತೆ ಕೊಕ್ಕೆ ಹಾಕಿದರು. ಸಾಸಿವೆಯಷ್ಟು ನಿಜಕ್ಕೂ ಉಳಿದಿತ್ತು. ಅದು ಅವರ ಕೊಕ್ಕೆಗೂ ಸಿಕ್ಕಿರಲಿಲ್ಲ. ಅವರು ಒಮ್ಮೆ ಕೆಮ್ಮಿದರು.

"ತೆಗಿಯಮ್ಮ ಅದನ್ನ. ಪಾಸು ನಾನು ಮಾಡ್ತೀನಿ. ಎದ್ದೇಳೋದು ಬಿಡೋದು ಅವರಿಗೆ ಸೇರಿದ್ದು."

ಗುಬ್ಬಿ ತೆಗೆದಳು. ಪರೀಕ್ಷಕರು ಸಹಿ ಹಾಕಿ ಮುಂದಿನ ಕುರ್ಚಿಗೆ ಹೋದರು. ಅತ್ತೆ ಕೂತಲ್ಲೇ ಕೂತು ಕೆಳಸಾಲಿನ ಉಳಿದ ಹಲ್ಲುಗಳನ್ನೂ ಒಂದೊಂದಾಗಿ ಗುಬ್ಬಿಯಿಂದ ಕ್ಲೀನ್ ಮಾಡಿಸಿದಳು. ಹನ್ನೆರಡರ ಹೊತ್ತಿಗೆ ಉಳಿದ ಕುರ್ಚಿಗಳೆಲ್ಲ ಖಾಲಿಯಾಗಿ, ಪಾಸಾದವರು ಫೋಟೋ ತೆಗೆಸಿಕೊಳ್ಳಲು ಗುಬ್ಬಿಯನ್ನು ಕೂಗುತ್ತಿದ್ದರು. ಅವಳು ಏಳಲು ಕೈಗವಸು ಅರ್ಧ ಕಳಚಿದ್ದಳು.

"ಎಲ್ಲಿಗೆ?" ಎಂದಳು ಅತ್ತೆ, ಕನ್ನಡಿಯಿಂದ ಕಣ್ಣೆತ್ತದೆ. "ಅರ್ಧ ಮನೆ ಗುಡಿಸಿ ಪೊರಕೆ ಇಡೋ ಅಭ್ಯಾಸ ಯಾರು ಕಲಿಸಿದ್ರೇ ನಿಂಗೆ? ಮೇಲಿನ ಸಾಲು ಶುರು ಮಾಡು."