ಅರ್ಜಿದಾರರಿಗೂ ನನಗೂ ಸಂಬಂಧವಿಲ್ಲ

ದಾರ ಬಿಳಿಯದೇ ಆಗಿರಬೇಕು. ಗಂಟು ಹಿಂಬದಿಗೆ ಬರಬೇಕು. ಗಂಟಿನ ಮೇಲೊಂದು ಕಾಗದದ ಚೂರು ಅಂಟಿಸಿ, ಅರ್ಧ ಚೂರಿನ ಮೇಲೆ, ಅರ್ಧ ಹಾಳೆಯ ಮೇಲೆ ಬೀಳುವಂತೆ ಮೊಹರು ಒತ್ತಬೇಕು. ಹೊಲಿದ ಕಡತವನ್ನು ಬಿಚ್ಚಿದರೆ ಅದು ಸತ್ತ ಹಾಗೆ. ಎಂಟು ವರ್ಷದಿಂದ ನನ್ನ ಕೆಲಸ ಇದು. ಹೆಸರಿಗೆ ಭಾಷಾಂತರ, ಅರ್ಧ ಮಾತ್ರ ಅದು. ಉಳಿದರ್ಧ ದರ್ಜಿಯ ಕೆಲಸ.

ಔಷಧದ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ಕಚೇರಿ. ಇರುವುದು ಮೂರೇ ಜನ: ಮೇಡಂ, ನಾನು, ಅಲ್ಪವಿರಾಮ. ಮೂರನೆಯವನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇದೆ. ಬರೆಯುವಾಗ ಉಸಿರು ಬಿಟ್ಟಲ್ಲೆಲ್ಲ ಅಲ್ಪವಿರಾಮ ಹಾಕುತ್ತಾನೆಂದು ನಾನು ಇದನ್ನಿಟ್ಟೆ. ಹೊರದೇಶದಿಂದ ಮಗುವನ್ನು ದತ್ತು ತರುವವರ ಕಾಗದಗಳೇ ನಮ್ಮಲ್ಲಿ ಹೆಚ್ಚು. ಇಲ್ಲಿಂದ ಅಲ್ಲಿಗೆ ಹೋಗುವುದು ಗಂಡ ಹೆಂಡತಿಯ ಬದುಕು: ಮದುವೆಯ ಪತ್ರ, ಪೊಲೀಸರ ಪತ್ರ, ವೈದ್ಯರ ಪತ್ರ, ಸಮಾಜ ಕಾರ್ಯಕರ್ತೆ ಮನೆಗೆ ಬಂದು ಬೀರುವನ್ನೂ ತೆಗೆದು ನೋಡಿ ಬರೆದ ವರದಿ. ಅದು ದಪ್ಪಗಿರುತ್ತದೆ. ಅಲ್ಲಿಂದ ಇಲ್ಲಿಗೆ ಬರುವುದು ಮಗುವಿನ ಬದುಕು. ಅದು ತೆಳ್ಳಗಿರುತ್ತದೆ.

ಕಡತದ ಮೇಲೆ ಹೆಸರಿಲ್ಲ, ಸಂಖ್ಯೆ ಮಾತ್ರ. ಬುಟ್ಟಿಯಲ್ಲಿ ಮೇಲಿದ್ದದ್ದನ್ನು ಕೈ ಖಾಲಿ ಇದ್ದವರು ಎತ್ತಿಕೊಳ್ಳಬೇಕು. ಕೊನೆಯ ಹಾಳೆಯಲ್ಲಿ ಒಂದು ವಾಕ್ಯ ಬರೆದು ಸಹಿ ಹಾಕಬೇಕು: ‘ಅರ್ಜಿದಾರರಿಗೂ ನನಗೂ ಯಾವುದೇ ಸಂಬಂಧವಿಲ್ಲವೆಂದು ದೃಢೀಕರಿಸುತ್ತೇನೆ.’

ಆ ಶನಿವಾರ ಮಧ್ಯಾಹ್ನ ಮೇಲಿದ್ದದ್ದು ನಾಲ್ಕು ನೂರ ಹದಿನೇಳು.

ಆ ಸಂಖ್ಯೆ ನನಗೆ ಬಾಯಿಪಾಠ. ಎರಡೂವರೆ ವರ್ಷದಿಂದ ಅಕ್ಕನ ಫ್ರಿಜ್ಜಿನ ಬಾಗಿಲಿಗೆ ಅಂಟಿಕೊಂಡಿದೆ. ಭಾವ ಅದನ್ನೇ ಸೂಟ್‌ಕೇಸಿನ ಬೀಗಕ್ಕೂ ಇಟ್ಟಿದ್ದಾರೆ.

ಆದರೆ ದತ್ತು ತರುವ ಯೋಚನೆ ಮೊದಲು ಬಂದದ್ದು ನನಗೆ. ಇದನ್ನು ಯಾರಿಗೂ ಹೇಳಿಕೊಳ್ಳಲಾಗುವುದಿಲ್ಲ, ಹೇಳಿದರೆ ಚಿಕ್ಕ ಮಕ್ಕಳ ಜಗಳದ ಹಾಗೆ ಕೇಳುತ್ತದೆ. ಮೂರು ವರ್ಷದ ಹಿಂದೆ ಅರ್ಜಿಯ ಫಾರಂ ಹಿಡಿದು ಅಕ್ಕನ ಮನೆಗೆ ಹೋಗಿದ್ದೆ.

‘ಒಂದು ಮಗು ತರೋಣ ಅಂತಿದ್ದೀನಿ ಅಕ್ಕಾ.’

‘ಒಬ್ಬಳೇನಾ? ತಲೆ ನೆಟ್ಟಗಿದೆಯೇನೇ ನಿಂಗೆ?’ ಎಂದಳು. ಎಂದವಳು ಫಾರಂ ತಿರುವಿ ತಿರುವಿ ನೋಡಿದಳು. ಹತ್ತು ವರ್ಷದಿಂದ ಆಸ್ಪತ್ರೆಗಳ ಬಾಗಿಲು ಕಾದವಳು ಅವಳು. ಒಂದು ವಾರ ಕಳೆಯಲಿಲ್ಲ, ಫೋನು ಬಂತು. ‘ನಾವೂ ಅರ್ಜಿ ಹಾಕಿದ್ವಿ ಕಣೇ! ಎಲ್ಲಾ ನಿನ್ನಿಂದಾನೇ!’

ಸಮಾಜ ಕಾರ್ಯಕರ್ತೆ ಮೊದಲು ನನ್ನ ಮನೆಗೆ ಬಂದರು. ಒಳ್ಳೆಯ ಹೆಂಗಸು, ಒದ್ದೆ ಕೊಡೆಯನ್ನು ಹೊರಗೇ ಬಿಟ್ಟು ಬಂದರು.

‘ಮಗುವಿನ ಕೋಣೆ ಯಾವುದು?’

‘ಇದೇ.’

‘ನಿಮ್ಮದು?’

‘ಇದೇ.’

‘ಅಡುಗೆಮನೆ?’

‘ಇದೇ. ಆ ಪರದೆಯಿಂದ ಈಚೆಗೆ.’

ಇಬ್ಬರೂ ನಕ್ಕೆವು. ವರದಿಯಲ್ಲಿ ನಗು ಇರಲಿಲ್ಲ: ‘ಸದ್ಯಕ್ಕೆ ಸೂಕ್ತವಲ್ಲ.’ ಅದೇ ಹೆಂಗಸು ಅಕ್ಕನ ಮನೆಯ ಹಳದಿ ಗೋಡೆಯ ಕೋಣೆಯನ್ನು ಟೇಪು ಹಿಡಿದು ಅಳೆದು, ‘ಗಾಳಿ ಬೆಳಕು ಧಾರಾಳವಾಗಿದೆ’ ಎಂದು ಬರೆದರು. ಆ ಹಳದಿ ಬಣ್ಣವನ್ನು ಆರಿಸಿಕೊಟ್ಟವಳು ನಾನೇ.

ಸಂಖ್ಯೆ ಗುರುತು ಸಿಕ್ಕ ಕೂಡಲೇ ಕಡತವನ್ನು ಬುಟ್ಟಿಗೆ ಹಾಕಿ ಮೇಡಂಗೆ ಹೇಳಬೇಕಿತ್ತು. ನಿಯಮ ಅಷ್ಟು ಸರಳ. ಅಲ್ಪವಿರಾಮ ಊಟಕ್ಕೆ ಹೋಗಿದ್ದ. ಮೇಡಂ ಒಳಗೆ ಫೋನಿನಲ್ಲಿ ಯಾರನ್ನೋ ಬೈಯುತ್ತಿದ್ದರು. ನಾನು ತೆರೆದೆ.

ಹುಡುಗಿ. ನಾಲ್ಕು ವರ್ಷ. ಫೋಟೋದಲ್ಲಿ ಒಂದು ಕಾಲಿಗೆ ಮಾತ್ರ ಕಾಲುಚೀಲ. ವರದಿ ಹೇಳುತ್ತಿತ್ತು: ಚಮಚಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸುತ್ತಾಳೆ, ಯಾರಾದರೂ ಕೆಡಿಸಿದರೆ ಅಳುವುದಿಲ್ಲ, ಮತ್ತೆ ಜೋಡಿಸುತ್ತಾಳೆ. ಆ ಮನೆಗೆ ಬರುವ ಒಬ್ಬನೇ ಗಂಡಸು ಹಾಲಿನ ವ್ಯಾನಿನ ಡ್ರೈವರ್ ಆದ್ದರಿಂದ ಗಂಡಸರನ್ನೆಲ್ಲ ‘ಡ್ರೈವರ್’ ಎನ್ನುತ್ತಾಳೆ. ಮೂರನೆಯ ಪುಟದ ಅಂಚಿನಲ್ಲಿ, ಆರೈಕೆ ಮಾಡುವ ಹೆಂಗಸಿರಬೇಕು, ಪೆನ್ಸಿಲಿನಲ್ಲಿ ಇರುವೆ ಸಾಲಿನಂಥ ಅಕ್ಷರ ಬರೆದಿದ್ದಳು. ಭೂತಗನ್ನಡಿ ಹಿಡಿದು ಓದಿದೆ: ‘ನಿದ್ದೆ ಬಾರದಿದ್ದರೆ ಬೆನ್ನು ತಟ್ಟಬೇಡಿ, ಹೆದರುತ್ತಾಳೆ. ಪಾದ ಹಿಡಿದುಕೊಳ್ಳಿ.’

ನಾಲ್ಕು ಸಲ ಓದಿದೆ. ಎರಡು ಗಂಟೆಯಲ್ಲಿ ಭಾಷಾಂತರ ಮುಗಿಯಿತು. ಅಷ್ಟು ಚೆನ್ನಾಗಿ ನಾನು ಹಿಂದೆಂದೂ ಬರೆದಿರಲಿಲ್ಲ. ಕೊನೆಯ ಹಾಳೆಯಲ್ಲಿ ಸಂಬಂಧವಿಲ್ಲವೆಂದು ಬರೆದು ಸಹಿ ಹಾಕಿದೆ. ಆ ಎರಡು ಗಂಟೆ ಅವಳನ್ನು ಬಲ್ಲವಳು ಈ ಊರಿನಲ್ಲಿ ನಾನೊಬ್ಬಳೇ. ಅಕ್ಕನಿಗೆ ಅವಳು ಇನ್ನೂ ಒಂದು ಸಂಖ್ಯೆ. ಹೊಲಿದೆ, ಮೊಹರು ಒತ್ತಿದೆ, ಹೊರಹೋಗುವ ಬುಟ್ಟಿಯಲ್ಲಿಟ್ಟೆ. ಸೋಮವಾರ ಹನ್ನೊಂದಕ್ಕೆ ದತ್ತು ಪ್ರಾಧಿಕಾರದವರು ಬಂದು ಒಯ್ಯುತ್ತಾರೆ.

ಭಾನುವಾರ ಬೆಳಿಗ್ಗೆ ಅಕ್ಕ, ಭಾವ ಇಬ್ಬರೂ ನನ್ನ ಒಂಟಿ ಕೋಣೆಗೆ ಬಂದರು. ಅಕ್ಕ ಮೆಟ್ಟಿಲು ಓಡಿ ಹತ್ತಿದ್ದಳು, ಏದುಸಿರು.

‘ಮಗು ಸಿಕ್ಕಿದೆಯಂತೆ ಕಣೇ! ಕಾಗದ ಭಾಷಾಂತರಕ್ಕೆ ಹೋಗಿದೆಯಂತೆ. ನಿಮ್ಮ ಆಫೀಸಿಗೇ ಬಂದಿದೆಯೇನೇ?’

‘ನಮ್ಮಂಥ ಆಫೀಸು ಹತ್ತಿವೆ ಅಕ್ಕಾ.’

‘ಹೋಗ್ಲಿ ಬಿಡು. ಇದಕ್ಕೊಂದು ಸೈನ್ ಬೇಕು.’

ಪಾಲಕತ್ವದ ಒಪ್ಪಿಗೆ ಪತ್ರ. ಮಗುವಿಗೆ ಹದಿನೆಂಟು ತುಂಬುವ ಮೊದಲು ತಂದೆ ತಾಯಿ ಇಬ್ಬರೂ ತೀರಿಕೊಂಡರೆ ಮಗುವನ್ನು ತಾನು ಸಾಕುತ್ತೇನೆಂದು ಹತ್ತಿರದ ಸಂಬಂಧಿಯೊಬ್ಬರು ಬರೆದುಕೊಡಬೇಕು.

‘ನಾವಿಬ್ರೂ ಹೋದ್ರೆ ಸೀದಾ ನಿಂಗೇ ಪ್ರಮೋಷನ್ನು’ ಎಂದರು ಭಾವ.

‘ಥೂ, ಬಿಡ್ತು ಅನ್ನಿ!’ ಅಕ್ಕ ಅವರ ತೋಳಿಗೆ ಹೊಡೆದಳು. ‘ಮಗುವಿನ ಕಾಗದದ ಜೊತೆಗೇ ಇದನ್ನೂ ಸೇರಿಸಿ ಕಳಿಸ್ತಾರಂತೆ. ಮೂವತ್ತು ದಿನದೊಳಗೆ ನಮ್ಮ ಒಪ್ಪಿಗೆ ಅಲ್ಲಿಗೆ ಮುಟ್ಟದಿದ್ರೆ ಬೇರೆಯವರಿಗೆ ಕೊಟ್ಟುಬಿಡ್ತಾರೆ.’

ಒಂದೇ ಕಡತ. ಅದರಲ್ಲಿ ಒಂದೇ ಕೈಯ ಎರಡು ಸಹಿ. ಒಂದರ ಮೇಲೆ ‘ಸಂಬಂಧವಿಲ್ಲ’, ಇನ್ನೊಂದರ ಮೇಲೆ ‘ಸಂಬಂಧ: ತಂಗಿ’. ಪ್ರಾಧಿಕಾರದಲ್ಲಿ ಸಹಿ ತಾಳೆ ನೋಡುವುದಕ್ಕೆಂದೇ ಒಬ್ಬರು ಕೂತಿರುತ್ತಾರೆ. ಸುಳ್ಳು ದೃಢೀಕರಣ ಸಿಕ್ಕಿದ ಕಡತಕ್ಕೆ ಕೆಂಪು ಗೆರೆ ಬೀಳುತ್ತದೆ. ಆ ಅರ್ಜಿದಾರರಿಗೆ ಆ ಮಗು ಮತ್ತೆಂದೂ ಇಲ್ಲ.

ನಾನು ಏನೂ ಮಾಡಬೇಕಿರಲಿಲ್ಲ. ಅದೇ ಅದರ ಸೊಗಸು. ಅಕ್ಕ ಕೇಳಿದ್ದನ್ನು ಅಕ್ಕ ಕೇಳಿದಲ್ಲಿ ಬರೆದುಕೊಟ್ಟರೆ ಸಾಕಿತ್ತು. ಯಾರೂ ಇದನ್ನು ಹೊಟ್ಟೆಕಿಚ್ಚು ಎನ್ನುತ್ತಿರಲಿಲ್ಲ, ಬೇಜವಾಬ್ದಾರಿ ಎನ್ನುತ್ತಿದ್ದರು. ಹಳದಿ ಕೋಣೆ ಹಳದಿಯಾಗಿಯೇ ಖಾಲಿ ಇರುತ್ತಿತ್ತು. ಅಕ್ಕ ನನ್ನ ಹೆಗಲ ಮೇಲೆ ತಲೆಯಿಟ್ಟು ಅಳುತ್ತಿದ್ದಳು, ನಾವಿಬ್ಬರೂ ಮತ್ತೆ ಸಮ.

‘ಕಪ್ಪು ಇಂಕೇ ಆಗಬೇಕು’ ಎಂದೆ. ‘ನನ್ನ ಹತ್ರ ನೀಲಿ ಇರೋದು. ಇಟ್ಟು ಹೋಗು.’

ಮೇಜಿನ ಮೇಲಿದ್ದ ಕಪ್ಪು ಪೆನ್ನನ್ನು ಭಾವ ನೋಡಿದರೋ ಇಲ್ಲವೋ, ಪತ್ರವನ್ನು ಅದರ ಪಕ್ಕಕ್ಕೇ ಇಟ್ಟು ಎದ್ದರು.

ಇಡೀ ದಿನ ಆ ಪತ್ರ ಮೇಜಿನ ಮೇಲಿತ್ತು. ಬಟ್ಟೆ ಒಗೆದೆ. ಒಗೆದ ಬಟ್ಟೆಯನ್ನೇ ಮತ್ತೆ ಒಗೆದೆ. ಸಂಜೆ ಚಮಚಗಳನ್ನು ಒರೆಸಿಡುವಾಗ ಕೈ ತಾನಾಗಿ ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸುತ್ತಿತ್ತು. ಆಗ ಹೊಳೆಯಿತು: ಬೇರೆಯವರಿಗೆ ಕೊಟ್ಟುಬಿಡ್ತಾರೆ. ಆ ಬೇರೆಯವರಿಗೆ ಮುಖ ಇರಲಿಲ್ಲ. ಯಾವುದೋ ಊರಿನ ಯಾವುದೋ ದಂಪತಿ. ಅವರ ಚಮಚಗಳು. ಅವಳ ಪಾದ ಹಿಡಿಯುವ ಯಾವಳೋ ಒಬ್ಬಳ ಕೈ, ನಾನು ಎಂದೂ ಹೋಗಲಾರದ ಮನೆಯಲ್ಲಿ. ಅಕ್ಕನ ಮೇಲೆ ಮೂರು ವರ್ಷ ಪಟ್ಟ ಅಸೂಯೆಯ ದುಪ್ಪಟ್ಟು ಆ ಹೆಂಗಸಿನ ಮೇಲೆ ಒಂದೇ ನಿಮಿಷದಲ್ಲಿ ಹುಟ್ಟಿತು. ಅಕ್ಕನ ಮನೆಗಾದರೆ ಬಸ್ಸು ಇದೆ.

ಇದನ್ನು ಒಳ್ಳೆಯತನ ಎಂದು ಯಾರಾದರೂ ಕರೆದರೆ ನಾನು ಒಪ್ಪುವುದಿಲ್ಲ.

ಸೋಮವಾರ ಹತ್ತು ಗಂಟೆಗೆ ಕಡತ ಎತ್ತಿಕೊಂಡು ಕತ್ತರಿಯಿಂದ ದಾರ ಕತ್ತರಿಸಿದೆ. ಮೇಡಂ ಬಾಗಿಲಲ್ಲೇ ನಿಂತುಬಿಟ್ಟರು.

‘ಏನಮ್ಮಾ ಮಾಡ್ತಿದ್ದೀಯ? ಮೊಹರಾಗಿರೋದನ್ನ!’

‘ಅರ್ಜಿದಾರರು ನಮ್ಮಕ್ಕ ಮೇಡಂ.’

ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನನ್ನ ಮೊಹರನ್ನು ಎತ್ತಿ ತಮ್ಮ ಡ್ರಾಯರಿಗೆ ಹಾಕಿ ಬೀಗ ತಿರುಗಿಸಿದರು. ‘ಆರು ತಿಂಗಳು ಟೈಪ್ ಮಾತ್ರ ಮಾಡು. ಪ್ರಾಧಿಕಾರಕ್ಕೆ ನಾನೇ ಬರೀತೀನಿ. ಮೂಲ ಕಾಗದಾನ ಅವನಿಗೆ ಕೊಡು.’

ಅಲ್ಪವಿರಾಮ ಕುರ್ಚಿ ತಿರುಗಿಸಿದ. ‘ಅಂತೂ ಮಹಾರಾಣಿಯವರ ಕಡತ ನನ್ನ ಪಾಲಿಗೆ! ನಿನ್ನ ಭಾಷಾಂತರ ಒಂದು ಸಲ ನೋಡ್ಲಾ? ಕೆಲಸ ಬೇಗ ಆಗುತ್ತೆ.’

‘ಮುಟ್ಟಿದ್ರೆ ಕೈ ಮುರೀತೀನಿ.’

ನನ್ನ ಹಾಳೆಗಳನ್ನು ಚೂರು ಮಾಡುವ ಯಂತ್ರಕ್ಕೆ ಒಂದೊಂದಾಗಿ ನಾನೇ ಕೊಟ್ಟೆ.

ಗುರುವಾರ ಸಂಜೆ ಅಕ್ಕ ಕರೆದಳು. ಪ್ರತಿ ಪುಟಕ್ಕೂ ಒಪ್ಪಿಗೆಯ ಸಹಿ ಹಾಕಲು ಪ್ರಾಧಿಕಾರದವರು ಭಾಷಾಂತರದ ಪ್ರತಿ ಕೊಟ್ಟಿದ್ದರು. ಅಕ್ಕ ಸೋಫಾದ ಮೇಲೆ ಕಾಲು ಮಡಿಸಿ ಕೂತು ಗಟ್ಟಿಯಾಗಿ ಓದಿದಳು. ‘ಮಗು, ಚಮಚಗಳನ್ನು, ಅಳತೆಯ ಪ್ರಕಾರ, ಜೋಡಿಸುತ್ತದೆ.’ ಕಲ್ಲು ದಾರಿಯಲ್ಲಿ ಎತ್ತಿನಗಾಡಿ ಹೋದ ಹಾಗೆ. ಆದರೂ ಅವಳ ಕಣ್ಣು ತುಂಬಿತು. ‘ಡ್ರೈವರ್’ ಎಂಬ ಮಾತು ಬಂದಾಗ ಭಾವ ಎದ್ದು ನಿಂತು, ‘ಹಾಗಾದ್ರೆ ಗಾಡಿ ರೆಡಿ ಇದೆ ಅಂತ ಹೇಳಿ’ ಎಂದು ಸಲಾಮು ಹೊಡೆದರು. ಪ್ರತಿ ವಾಕ್ಯದ ಮುಂದಿನದು ನನಗೆ ಗೊತ್ತಿತ್ತು, ಆಶ್ಚರ್ಯಪಟ್ಟು ಪಟ್ಟು ಹುಬ್ಬು ನೋಯುತ್ತಿತ್ತು.

ಮೂರನೆಯ ಪುಟ. ‘ಅಂಚಿನಲ್ಲಿ, ಕೈಬರಹ, ಓದಲಾಗುವುದಿಲ್ಲ.’

ಅಕ್ಕ ಪುಟ ತಿರುವಿದಳು. ನನಗೆ ಎಂಥ ಸಂತೋಷವಾಯಿತೆಂದರೆ ಗಟ್ಟಿಯಾಗಿ ಉಸಿರು ಬಿಡಬೇಕಾಯಿತು. ಒಂದು ವಾಕ್ಯ ಪೂರ್ತಿ ನನ್ನದಾಗಿ ಉಳಿದಿತ್ತು. ಮೊದಲ ರಾತ್ರಿ ಈ ಮನೆಯಲ್ಲಿ ಅವಳು ಅಳುತ್ತಾಳೆ, ಅಕ್ಕ ಬೆನ್ನು ತಟ್ಟುತ್ತಾಳೆ, ಅವಳು ಇನ್ನೂ ಹೆದರುತ್ತಾಳೆ, ಆಗ ಚಿಕ್ಕಮ್ಮ ಬರುತ್ತಾಳೆ.

ಅವಳು ಇನ್ನೂ ಹೆದರುತ್ತಾಳೆ. ಅಲ್ಲಿಗೆ ಬಂದು ನಿಂತೆ.

‘ಬೆನ್ನು ತಟ್ಟಬಾರದಂತೆ’ ಎಂದೆ. ‘ಪಾದ ಹಿಡ್ಕೋಬೇಕಂತೆ. ನಿದ್ದೆ ಬಾರದಿದ್ರೆ.’

‘ಯಾರಂದ್ರು?’

‘ಆ ಅಂಚಿನಲ್ಲಿ ಇರೋದು ಅದೇ.’ ಹೇಳಿದೆ. ಶನಿವಾರ, ದಾರ, ಮೊಹರು, ಕತ್ತರಿ. ಕಡತ ಹಾಗೇ ಹೋಗಿದ್ದರೆ ಏನಾಗುತ್ತಿತ್ತು, ಅದು ಗೊತ್ತಿದ್ದೂ ಭಾನುವಾರವೆಲ್ಲ ನಾನು ಸುಮ್ಮನಿದ್ದದ್ದು, ಅದನ್ನೂ. ಭಾವ ಮೆಲ್ಲಗೆ ಕೂತರು.

ಅಕ್ಕ ಕೂಗಾಡುತ್ತಾಳೆ ಅಂದುಕೊಂಡೆ. ಅವಳು ಕೇಳಿದ್ದು ಬೇರೆ.

‘ನನಗಿಂತ ಮುಂಚೆ ಓದ್ದೆ ನೀನು.’

‘ಹ್ಞೂಂ.’

‘ಫೋಟೋನೂ?’

‘ಹ್ಞೂಂ.’

‘ಎಷ್ಟು ಸಲ ಓದ್ದೆ?’

‘ನಾಲ್ಕು.’

ಅವಳ ಮುಖವನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ, ಆ ಬಣ್ಣ ಮಾತ್ರ ಅಲ್ಲಿ ಎಂದೂ ಕಂಡಿರಲಿಲ್ಲ. ನನ್ನ ಕನ್ನಡಿಯಲ್ಲಿ ಕಂಡಿದ್ದೆ, ಮೂರು ವರ್ಷ.

‘ಆ ಪತ್ರ ತಂದಿದ್ದೀಯಾ?’ ಎಂದಳು. ‘ಸೈನ್ ಮಾಡು.’

‘ಅಕ್ಕಾ, ಬೇಕಾದ್ರೆ ಬೇರೆ ಯಾರನ್ನಾದ್ರೂ...’

‘ಬೇರೆ ಯಾರಿದ್ದಾರೆ ನಂಗೆ? ಸೈನ್ ಮಾಡು ಅಂದೆ.’

ಭಾವ ತಮ್ಮ ಜೇಬಿನಿಂದ ಕಪ್ಪು ಪೆನ್ನು ತೆಗೆದು ಮುಚ್ಚಳ ಬಿಚ್ಚಿ ಕೊಟ್ಟರು. ಸಂಬಂಧ ಎಂದು ಕೇಳಿದಲ್ಲಿ ತಂಗಿ ಎಂದು ಬರೆದು ಸಹಿ ಹಾಕಿದೆ. ಇಂಕು ಒಣಗಲೆಂದು ಊದುತ್ತ ನೋಡಿದರೆ, ಅಕ್ಕ ನನಗೆ ಬೆನ್ನು ಮಾಡಿ ಕಿಟಕಿಯ ಬೆಳಕಿಗೆ ಕಾಗದ ಹಿಡಿದು ತುಟಿ ಅಲ್ಲಾಡಿಸುತ್ತ ಮೊದಲಿನಿಂದ ಓದುತ್ತಿದ್ದಳು. ಮುಗಿಸಿದಳು, ಮತ್ತೆ ಮೊದಲ ಪುಟ. ಎಣಿಸಬಾರದು ಅಂದುಕೊಂಡರೂ ಎಣಿಸಿದೆ. ಅವಳು ಐದನೆಯ ಸಲಕ್ಕೆ ಮೊದಲ ಪುಟ ತೆಗೆದಾಗ ನಾನು ಎದ್ದು ಚಪ್ಪಲಿ ಮೆಟ್ಟಿದೆ.