ಬಕೆಟ್ಟಿನ ಭವಿಷ್ಯ

ತಾತನ ಬಳಿ ಆಗ ಉಳಿದಿದ್ದುದು ಮೂರೇ ಮಾತುಗಳು: ‘ಹೌದು’, ‘ಬೇಡ’, ‘ಸುಳ್ಳು’. ಮೆದುಳಿನ ಎಡಭಾಗಕ್ಕೆ ಕೆಲವು ಗಂಟೆ ರಕ್ತ ಸರಿಯಾಗಿ ಹರಿಯದೆ ಉಳಿದ ಮಾತುಗಳೆಲ್ಲ ಒಳಗೇ ಸಿಕ್ಕಿಹಾಕಿಕೊಂಡಿದ್ದವು. ಮೂರನೆಯದು ಹೇಗೆ ಪಾರಾಯಿತೆಂಬುದನ್ನು ಊಹಿಸುವುದು ಕಷ್ಟವಲ್ಲ. ತೂಕ ಮತ್ತು ಅಳತೆಯ ಇನ್‌ಸ್ಪೆಕ್ಟರಾಗಿ ಇಪ್ಪತ್ತೆಂಟು ವರ್ಷ ಅಂಗಡಿಗಳ ತಕ್ಕಡಿಯ ಮುಂದೆ ನಿಂತು ಅವರು ಅತಿ ಹೆಚ್ಚು ಬಾರಿ ಆಡಿದ ಮಾತು ಅದೇ.

ಆಸ್ಪತ್ರೆಯ ಸ್ಪೀಚ್ ಥೆರಪಿಸ್ಟ್ ಅರವತ್ತು ಚಿತ್ರದ ಕಾರ್ಡುಗಳ ಪೆಟ್ಟಿಗೆಯೊಂದನ್ನು ನಮ್ಮ ಕೈಗಿತ್ತರು. ದಿನಕ್ಕೆ ಎರಡು ಹೊತ್ತು ಒಂದೊಂದೇ ತೋರಿಸಿ ಹೆಸರು ಹೇಳಿಸಬೇಕು. ಎಂಟನೆಯ ವಾರದ ಗುರುವಾರ ಪರೀಕ್ಷೆ: ಇಪ್ಪತ್ತು ಕಾರ್ಡು, ಒಂದೊಂದಕ್ಕೆ ಹತ್ತು ಸೆಕೆಂಡು, ಕನಿಷ್ಠ ಹತ್ತು ಹೆಸರು. ಅದಕ್ಕಿಂತ ಕಡಿಮೆಯಾದರೆ ‘ಸುಧಾರಣೆ ಇಲ್ಲ’ ಎಂದು ಬರೆದು, ತಾತನ ಜಾಗವನ್ನು ಸರದಿಯಲ್ಲಿರುವ ಮುಂದಿನವರಿಗೆ ಕೊಡುತ್ತಾರೆ. ಚಿಕಿತ್ಸೆ ಅಲ್ಲಿಗೆ ಮುಗಿಯಿತು. ಇದನ್ನು ಹೇಳುವಾಗ ಆಕೆಗೇ ಬೇಸರವಾದಂತಿತ್ತು. ಆಕೆಯ ಕೊರಳಿನ ಬಿಲ್ಲೆಯಲ್ಲಿ ಹುದ್ದೆಯ ಕೆಳಗೆ ‘ತಾತ್ಕಾಲಿಕ’ ಎಂದಿತ್ತು. ಅಕ್ಷರಗಳು ಮಾಸಿದ ಪ್ರಮಾಣವನ್ನು ನೋಡಿದರೆ ಆ ತಾತ್ಕಾಲಿಕತೆಗೆ ನಾಲ್ಕು ವರ್ಷವಾದರೂ ಆಗಿರಬೇಕು. ತಾತನೂ ಆ ಬಿಲ್ಲೆಯನ್ನು ಬಹಳ ಹೊತ್ತು ನೋಡಿದರು.

ಮನೆಯಲ್ಲಿ ಮೊದಲ ಕಾರ್ಡು ತೋರಿಸಿದೆ. ಬಾಚಣಿಗೆ. ತಾತ ಅದನ್ನು ತೆಗೆದುಕೊಂಡು ಮೇಜಿನ ಮೇಲೆ ಬೋರಲು ಹಾಕಿ ‘ಬೇಡ’ ಎಂದರು. ಎರಡು ವಾರ ಕಳೆಯುವಷ್ಟರಲ್ಲಿ ಅರವತ್ತೂ ಕಾರ್ಡುಗಳು ಹಾಗೆ ಬೋರಲಾದವು. ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕೆಲಸ ಮಾಡುವ ನಾನು ಅಭ್ಯಾಸಬಲದಿಂದ ಒಂದು ಕೋಷ್ಟಕ ಹಾಕಿಟ್ಟಿದ್ದೆ. ಅದರ ತುಂಬ ಸೊನ್ನೆಗಳು.

ಮೂರನೆಯ ಭಾನುವಾರ ಅತ್ತೆ ಬಂದರು. ತಾತನ ಒಬ್ಬಳೇ ಮಗಳು. ಕನ್ನಡಕದ ಅಂಗಡಿಯಲ್ಲಿ ಕೆಲಸ. ರಾಜರಾಣಿಯರು, ಕತ್ತಿ, ಬಟ್ಟಲುಗಳ ಚಿತ್ರವಿರುವ ಟ್ಯಾರೋ ಎಲೆಗಳನ್ನು ಹರಡಿ ಪರಿಚಿತರಿಗೆ ಭವಿಷ್ಯ ಹೇಳುವುದು ಅವರ ರಜಾದಿನದ ವಿದ್ಯೆ. ಆ ವಿದ್ಯೆಯ ಬಗ್ಗೆ ನನ್ನ ಅಭಿಪ್ರಾಯ ಅವರಿಗೆ ಗೊತ್ತಿದೆ. ಅದಕ್ಕೇ ನನ್ನನ್ನು ‘ಮೀಟರು’ ಎನ್ನುತ್ತಾರೆ. ತಾತ ಅವರನ್ನು ಚಿಕ್ಕಂದಿನಿಂದಲೂ ಕರೆಯುತ್ತಿದ್ದುದು ‘ಗಿಣಿ’ ಎಂದು. ಕಾರಣ ಐದು ನಿಮಿಷದಲ್ಲಿ ಯಾರಿಗಾದರೂ ತಿಳಿಯುತ್ತದೆ.

ಅತ್ತೆ ಪೆಟ್ಟಿಗೆ ತೆರೆದು ಒಂದೊಂದೇ ಕಾರ್ಡನ್ನು ನೋಡುತ್ತ ಹೋದರು.

“ಲೇ ಮೀಟರು, ನನ್ನ ಎಲೆಗಳಲ್ಲಿ ಬರೀ ಕತ್ತಿ, ಕಿರೀಟ. ನಮ್ಮಲ್ಲಿ ಯಾರ ತಲೆ ಮೇಲೆ ಕಿರೀಟ ಇದೆ ಹೇಳು. ಇದರಲ್ಲಿ ನೋಡು, ಪೊರಕೆ ಇದೆ, ಬಕೆಟ್ ಇದೆ. ನಮ್ಮಂಥವರ ಭವಿಷ್ಯ ಇದರಲ್ಲೇ ಇರೋದು.”

ಹೊಸ ಎಲೆಗಳನ್ನು ಮೊದಲು ತನ್ನ ಮೇಲೇ ಪ್ರಯೋಗಿಸಬೇಕೆಂಬುದು ಅವರ ನಿಯಮ. ಚೆನ್ನಾಗಿ ಕಲಸಿ, ತಾತನ ಎದುರಿಗೇ ಮೂರನ್ನು ಸಾಲಾಗಿ ಇಟ್ಟರು: ನಿನ್ನೆ, ಇಂದು, ನಾಳೆ. ಬಾಚಣಿಗೆ, ಆಮೆ, ಬಕೆಟ್. ನಿನ್ನೆಯ ಸಿಕ್ಕು ಬಿಡಿಸಿಯಾಯಿತು, ಇಂದು ನಿಧಾನ, ನಾಳೆ ಮಾತ್ರ ಬಕೆಟ್ ಅಂಚಿನವರೆಗೆ ತುಂಬುತ್ತದೆ ಎಂದು ಅತ್ತೆ ಧಾರಾಳವಾಗಿ ವಿವರಿಸಿದರು.

“ಸುಳ್ಳು,” ಎಂದರು ತಾತ. ಅದು ನಿರೀಕ್ಷಿತವೇ. ಆದರೆ ಅವರ ತುಟಿಗಳು ಮತ್ತೆ ಅಲ್ಲಾಡಿದವು. ಬೆರಳು ಬಕೆಟ್ಟಿನ ತಳಕ್ಕೆ ಹೋಗಿ ನಿಂತಿತು.

“ತೂತು.”

ಚಿತ್ರದಲ್ಲಿ ತೂತು ಇರಲಿಲ್ಲ. ನಾನು ಭೂತಗನ್ನಡಿ ತಂದು ಖಚಿತಪಡಿಸಿಕೊಂಡೆ. ಆಮೇಲೆ ಕೋಷ್ಟಕದಲ್ಲಿ ಒಂದು ಎಂದು ಬರೆದೆ. 

ಅಂದಿನಿಂದ ಅತ್ತೆ ದಿನವೂ ಸಂಜೆ ಬರತೊಡಗಿದರು. ಅವರು ಹೂವಿನಂಥ ಭವಿಷ್ಯ ಹೇಳುವುದು, ತಾತ ಅದನ್ನು ತಕ್ಕಡಿಗೆ ಹಾಕಿ ತಿರಸ್ಕರಿಸುವುದು. ತಿರಸ್ಕರಿಸಲು ಮಾತು ಬೇಕು, ಮಾತು ಬರುತ್ತಿತ್ತು. ಕ್ಷೇಮ ವಿಚಾರಿಸಲು ಬಂದ ಮೇಲಿನ ಮನೆಯ ಪಿಟೀಲು ಮೇಷ್ಟರಿಗೆ ಗಂಟೆಯ ಕಾರ್ಡು ಬಂತು. ನಿಮ್ಮ ಹೆಸರು ನಾಲ್ಕು ದಿಕ್ಕಿಗೂ ಮೊಳಗುತ್ತದೆ ಎಂದರು ಅತ್ತೆ. ತಾತ ತಿದ್ದಿದರು: “ಕಿಟಕಿ… ಮುಚ್ಚಿ, ಬಾರ್ಸಿ.” ಮೇಷ್ಟರು ಆ ಸಂಜೆಯಿಂದಲೇ ಕಿಟಕಿ ಮುಚ್ಚಿದರು. ಅಪ್ಪನಿಗೆ ಪೊರಕೆ ಬಂದಾಗ ತಾತ ಬರೀ “ನೀನೇ” ಎಂದರು; ಅಪ್ಪ ಮೂರು ದಿನ ಮೆಟ್ಟಿಲು ಗುಡಿಸಿದರು. ಐದನೆಯ ವಾರದ ಹೊತ್ತಿಗೆ ಅತ್ತೆ ಬರೀ ಕಾರ್ಡು ಹಂಚುತ್ತಿದ್ದರು, ಹೇಳುವವರು ತಾತನೇ. ಏಳನೆಯ ವಾರದ ಕೊನೆಗೆ ನನ್ನ ಲೆಕ್ಕದಲ್ಲಿ ಹೊಸ ಮಾತುಗಳು ನೂರಾ ಹದಿನೆಂಟು.

ಬುಧವಾರ ಬೆಳಿಗ್ಗೆ, ಪರೀಕ್ಷೆಗೆ ಒಂದೇ ದಿನವಿರುವಾಗ, ಸುಮ್ಮನೆ ಧೈರ್ಯಕ್ಕೆಂದು ಕತ್ತರಿಯ ಕಾರ್ಡನ್ನು ತೋರಿಸಿದೆ.

“ಇದೇನು ತಾತ?”

“ಹತ್ತಿರದೋರು ದೂರ ಆಗ್ತಾರೆ.”

ಏಣಿ ತೋರಿಸಿದೆ. “ಬಡ್ತಿ.” ಬಾಚಣಿಗೆ? “ಸಿಕ್ಕು.”

ನನ್ನ ಕೋಷ್ಟಕದಲ್ಲಿ ದಿನಾಂಕ, ಹೊತ್ತು, ಹೊಸ ಮಾತು ಎಂಬ ಮೂರು ಕಾಲಂಗಳಿದ್ದವು. ಕಾರ್ಡಿನ ಹೆಸರು ಎಂಬ ಕಾಲಂ ಇರಲಿಲ್ಲ. ಐದು ವಾರದಲ್ಲಿ ತಾತ ಒಂದೇ ಒಂದು ಕಾರ್ಡಿನ ಹೆಸರನ್ನೂ ಹೇಳಿರಲಿಲ್ಲ. ಅಷ್ಟು ಅಚ್ಚುಕಟ್ಟಾಗಿ ಗೆರೆ ಎಳೆದಿದ್ದ ನನಗೆ ಅದು ಕಂಡಿರಲಿಲ್ಲ. ಫೋನು ಮಾಡಿ ಅತ್ತೆಯನ್ನು ಕರೆಸಿದೆ. ಇಬ್ಬರೂ ಇಡೀ ದಿನ ಗೋಗರೆದೆವು. ತಾತ ನಮ್ಮನ್ನು ಕರುಣೆಯಿಂದ ನೋಡಿದರು.

“ಹೆಸರು… ಎಲ್ಲರಿಗೂ ಗೊತ್ತು,” ಎಂದರು.

ಗುರುವಾರ ಆಸ್ಪತ್ರೆಯ ಚಿಕ್ಕ ಕೋಣೆಯಲ್ಲಿ ನಮ್ಮ ಪೆಟ್ಟಿಗೆಯಿಂದಲೇ ಥೆರಪಿಸ್ಟ್ ಇಪ್ಪತ್ತು ಕಾರ್ಡು ಎತ್ತಿ ಕವುಚಿಟ್ಟರು. ಒಂದು ಮೇಜು, ಆಕೆಗೆ, ತಾತನಿಗೆ, ಅತ್ತೆಗೆ, ನನಗೆಂದು ನಾಲ್ಕು ಕುರ್ಚಿ, ಸ್ಟಾಪ್‌ವಾಚು. ಬಾಚಣಿಗೆಗೆ ಸಿಕ್ಕು, ಗಂಟೆಗೆ ಕಿಟಕಿ, ಕತ್ತರಿಗೆ ಅಗಲಿಕೆ. ಎಂಟು ಕಾರ್ಡಿಗೆ ಎಂಟು ಸೊನ್ನೆ. ಆಕೆ ಪ್ರತಿ ಸೊನ್ನೆಯನ್ನೂ ಹಿಂದಿನದಕ್ಕಿಂತ ಸಣ್ಣದಾಗಿ ಬರೆಯುತ್ತಿದ್ದರು. ಒಂಬತ್ತನೆಯದು ಏಣಿ.

“ಬಡ್ತಿ,” ಎಂದ ತಾತ, ಆಕೆಯ ಕೊರಳಿನ ಬಿಲ್ಲೆಯತ್ತ ಬೆರಳು ತೋರಿಸಿದರು. “ನಿಮಗೆ.”

ಆಕೆ ಸೊನ್ನೆ ಬರೆದರು. ಪೆನ್ನು ಮಾತ್ರ ಕಾಗದದಿಂದ ಮೇಲೇಳಲಿಲ್ಲ. ಬಾಗಿಲು ಮುಚ್ಚಿದೆಯೇ ಎಂದೊಮ್ಮೆ ನೋಡಿದರು.

“ಯಾವಾಗ ಸರ್?”

“ಇನ್ನೊಂದು… ಎತ್ತಿ.”

ಆಕೆ ಎತ್ತಿದರು. ತಾತ ಕಾರ್ಡನ್ನು ನೋಡಿದರು, ಆಕೆಯ ಮುಖವನ್ನು ನೋಡಿದರು. ಇದನ್ನು ಬೇರೆ ಹೇಗೂ ಹೇಳುವಂತಿರಲಿಲ್ಲ.

“ಆಮೆ.”

ಅದು ಆ ದಿನದ ಮೊದಲ ಅಂಕ. ಆಕೆ ಅದನ್ನು ಬರೆಯುವಾಗ ಸಂತೋಷವಾಗಿದ್ದಂತೆ ಕಾಣಲಿಲ್ಲ. ಕುರ್ಚಿಯನ್ನು ಮುಂದಕ್ಕೆಳೆದುಕೊಂಡು ಮುಂದಿನ ಕಾರ್ಡನ್ನು ತೋರಿಸಿ, ಇದೇನು ಎಂದು ಕೇಳುವ ಬದಲು, “ಹಾಗಾದ್ರೆ ನಾನೇನು ಮಾಡ್ಬೇಕು?” ಎಂದರು.

“ಬೀಗ. ಬಾಯಿಗೆ.”

ಎರಡು. ಕನ್ನಡಿ ನೋಡಿಕೊಳ್ಳಿ, ಕೊಡೆ ಮರೆಯಬೇಡಿ, ಕುರ್ಚಿ ಬಿಡಬೇಡಿ. ಸಲಹೆ ಕೊಡಬೇಕಾದರೆ ವಸ್ತುವಿನ ಹೆಸರು ಹೇಳದೆ ಗತಿಯಿಲ್ಲ. ತಾತನೋ ಸಲಹೆ ಕೊಡಲು ಎಂದೂ ಹಿಂದೆಗೆದವರಲ್ಲ. ನಾನು ಗೋಡೆಗೆ ಅಂಟಿಸಿದ್ದ ಪರೀಕ್ಷೆಯ ನಿಯಮಗಳನ್ನು ಎರಡು ಬಾರಿ ಓದಿದೆ. ಹತ್ತು ಸೆಕೆಂಡಿನೊಳಗೆ ಹೆಸರು ಕೇಳಿಸಬೇಕು ಎಂದಿತ್ತೇ ಹೊರತು, ಯಾವ ಪ್ರಶ್ನೆ ಕೇಳಬೇಕೆಂದು ಇರಲಿಲ್ಲ. ಗರಗಸದ ಹತ್ತಿರ ಮಾತು ಕಚ್ಚಿಕೊಂಡು ಒಂದು ಹೋಯಿತು. ಹತ್ತೊಂಬತ್ತು ಕಾರ್ಡು ಮುಗಿದಾಗ ಒಂಬತ್ತು ಅಂಕ.

ಕೊನೆಯ ಕಾರ್ಡು ಬಕೆಟ್.

“ತೂತು,” ಎಂದರು ತಾತ.

ಅತ್ತೆ ಕಣ್ಣು ಮುಚ್ಚಿಕೊಂಡರು. ಸ್ಟಾಪ್‌ವಾಚು ನಾಲ್ಕು, ಐದು, ಆರು ದಾಟಿತು. ಥೆರಪಿಸ್ಟ್ ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿ, “ಎಲ್ಲಿ ಸರ್? ನನಗೆ ಕಾಣಿಸ್ತಿಲ್ಲ,” ಎಂದರು.

ಅಳತೆಯ ವಿಷಯದಲ್ಲಿ ತಮ್ಮ ಮಾತನ್ನು ಯಾರಾದರೂ ಅನುಮಾನಿಸುವುದನ್ನು ತಾತ ಸಹಿಸಿದವರಲ್ಲ.

“ಬಕೆಟ್ಟಲ್ಲಿ,” ಎಂದರು, ಒಂಬತ್ತನೆಯ ಸೆಕೆಂಡಿಗೆ.

ಹತ್ತು. ಥೆರಪಿಸ್ಟ್ ‘ಸುಧಾರಣೆ ಇದೆ’ ಎಂದು ಬರೆದು, ಅಡಿಗೆರೆ ಎಳೆದು, ಮುಂದಿನ ಗುರುವಾರಕ್ಕೆ ಸಮಯ ಕೊಟ್ಟರು. ಕಾರ್ಡುಗಳನ್ನು ತಾವೇ ಜೋಡಿಸಿ ಪೆಟ್ಟಿಗೆ ಮುಚ್ಚಿ ಅತ್ತೆಯ ಕೈಗಿತ್ತರು.

ಮನೆಗೆ ಬಂದು ನಾನು ಎಣಿಸಿ ನೋಡಿದೆ. ಐವತ್ತೊಂಬತ್ತು ಇದ್ದವು. ಮತ್ತೆ ಎಣಿಸಿದೆ, ಅಷ್ಟೇ. ಒಂದೊಂದಾಗಿ ಹರಡಿ ಪರಿಶೀಲಿಸಿದಾಗ ಇಲ್ಲದಿದ್ದುದು ಯಾವುದೆಂದು ತಿಳಿಯಿತು.

ಆಮೆ.